ನೀರು ಏರಿದ್ದು ಮೇಣದಬತ್ತಿ ಆರಿದ ಮೇಲೆ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಮಕ್ಕಳ ವಿಜ್ಞಾನ ಮೇಳದ ವರದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಬಹುಮಾನ ಬಂದ ಜ್ವಾಲಾಮುಖಿ ಮಾದರಿಯ ಪಕ್ಕ ಅಧಿಕಾರಿಗಳು ನಿಂತ ಫೋಟೊ ನೋಡಿ ಹೊಟ್ಟೆ ಉರಿದು ಈ ಪತ್ರ ಬರೆಯುತ್ತಿದ್ದೇನೆ.

ಮನೆಯಲ್ಲಿ ಸಿಗುವ ಸಾಮಾನಿನಿಂದಲೇ ಪ್ರಯೋಗ ಮಾಡಬೇಕು ಅಂತ ಸುತ್ತೋಲೆಯಲ್ಲಿತ್ತು. ಆರನೇ ಕ್ಲಾಸಿನ ನನ್ನ ಮಗಳು ಅದನ್ನು ನಂಬಿದಳು. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿಟ್ಟು, ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ಅವಳದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಖಾಲಿಯಾಗಿ ಆ ಜಾಗಕ್ಕೆ ನೀರು ಬಂತು ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ. ಇವಳು ಹದಿನೈದು ದಿನ ಅಡುಗೆಮನೆ ಕಟ್ಟೆ ಮೇಲೆ ಅದನ್ನೇ ನೋಡಿದಳು. ಲೋಟ ಮುಚ್ಚಿದ ಕೂಡಲೇ ಅಂಚಿನಿಂದ ಗುಳ್ಳೆ ಹೊರಗೆ ಬರುತ್ತದೆ. ಬತ್ತಿ ಉರಿಯುವಷ್ಟು ಹೊತ್ತು ನೀರು ಅಷ್ಟಾಗಿ ಏರುವುದಿಲ್ಲ. ಆರಿದ ಮೇಲೆ ಸರ್ರನೆ ನುಗ್ಗುತ್ತದೆ. ಮೂರು ಬತ್ತಿ ಇಟ್ಟರೆ ಇನ್ನೂ ಜಾಸ್ತಿ ಏರುತ್ತದೆ. ಲೋಟದಲ್ಲಿರುವ ಆಮ್ಲಜನಕ ಅಷ್ಟೇ ಅಲ್ವಾ, ಬತ್ತಿ ಹೆಚ್ಚಾದರೆ ನೀರು ಯಾಕೆ ಹೆಚ್ಚಬೇಕು? ಬಿಸಿಗೆ ಹಿಗ್ಗಿದ ಗಾಳಿ ಸ್ವಲ್ಪ ಹೊರಗೆ ಹೋಯಿತು, ಉಳಿದದ್ದು ತಣ್ಣಗಾಗಿ ಕುಗ್ಗಿತು, ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳಿತು. ಸ್ಕೇಲ್ ಇಟ್ಟು ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು.

ತೀರ್ಪುಗಾರರು ನೋಟ್‌ಬುಕ್ ತೆರೆಯಲೇ ಇಲ್ಲ. "ಆಮ್ಲಜನಕ ಅಂತ ಹೇಳಬೇಕು ಪುಟ್ಟಿ, ತಪ್ಪು ಕಲಿತಿದ್ದೀಯ" ಅಂದು ಅಂಕ ಕಡಿದು ಮುಂದೆ ಹೋದರು. "ಇನ್ನೊಂದು ಸಲ ತೋರಿಸ್ತೀನಿ ಸರ್" ಅಂತ ಅವಳು ಲೋಟ ಹಿಡಿದುಕೊಂಡೇ ನಿಂತಿದ್ದಳು. ಬಹುಮಾನದ ಜ್ವಾಲಾಮುಖಿಯ ಅಡಿಯಲ್ಲಿ ಅಂಗಡಿಯ 450 ರೂಪಾಯಿ ಚೀಟಿ ಇನ್ನೂ ಅಂಟಿಕೊಂಡಿತ್ತು. ಹಾಗಾದರೆ ಬಹುಮಾನವನ್ನು ಅಂಗಡಿಯವರಿಗೇ ಕೊಡಬೇಕಿತ್ತು.

ಒಂಬತ್ತಕ್ಕೆ ಬನ್ನಿ ಅಂದಿದ್ದರು. ಅಧಿಕಾರಿಗಳು ಬಂದದ್ದು ಹನ್ನೆರಡೂಕಾಲಿಗೆ. ನನಗೆ ಅರ್ಧ ದಿನದ ಸಂಬಳ ಹೋಯಿತು. ಮಕ್ಕಳಿಗೆ ಕುಡಿಯಲು ನೀರಿಲ್ಲ. ಅವರು ಬಂದ ಮೇಲೆ ಫ್ಯಾನ್ ಹಾಕಿದರು, ಮಗಳ ಬತ್ತಿ ಆರಿತು, ಅರಿಶಿನದ ಕಾಗದಗಳು ಹಾರಿಹೋದವು. ಅದು ಅವಳ ಎರಡನೇ ಪ್ರಯೋಗ. ಸುಣ್ಣದ ತಿಳಿ ತಾಗಿಸಿದರೆ ಕೆಂಪು, ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಆರತಿ ತಟ್ಟೆಯ ಓಕುಳಿ ನೋಡಿದ ಯಾರಿಗಾದರೂ ಅರ್ಥವಾಗುತ್ತದೆ. ಅದನ್ನು ಕೇಳುವವರೇ ಇರಲಿಲ್ಲ.

ವೇದಿಕೆಯಲ್ಲಿ ಮಾತ್ರ ಸಿ.ವಿ. ರಾಮನ್ ಬಗ್ಗೆ ಅರ್ಧ ಗಂಟೆ ಭಾಷಣ. ಚದುರಿದ ಬೆಳಕಿನ ಒಂದಂಶ ಬಣ್ಣ ಬದಲಿಸುತ್ತದೆ ಎಂಬ 1928ರ ಶೋಧವನ್ನು ರಾಮನ್ ಶುರು ಮಾಡಿದ್ದು ಬಿಸಿಲು ಮತ್ತು ಬಣ್ಣದ ಫಿಲ್ಟರ್ ಇಟ್ಟುಕೊಂಡು. ಅಂಗಡಿಯ ಮಾದರಿ ತಂದಿರಲಿಲ್ಲ. ಹೀಗೆ ಭಾಷಣ ಮಾಡುವವರ ಕಚೇರಿಗೇ ಎರಡು ವರ್ಷದ ಹಿಂದೆ ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದ ಬೀಗ ತೆಗೆಸಿ ಅಂತ ಅರ್ಜಿ ಕೊಟ್ಟಿದ್ದೆ. ಸ್ವೀಕೃತಿ ಮೊಹರು ನನ್ನ ಹತ್ತಿರ ಇದೆ, ಬೀಗ ಬಾಗಿಲಲ್ಲೇ ಇದೆ. ಸಮುದಾಯ ಭವನದ ಎದುರಿನ ಚರಂಡಿಗೆ ಕಲ್ಲುಚಪ್ಪಡಿ ಹಾಕಿಸಿ ಅಂದಿದ್ದಕ್ಕೂ ಅದೇ ಗತಿ. ಮೊನ್ನೆ ಲೋಟ, ತಟ್ಟೆ ಹೊತ್ತುಕೊಂಡು ಮಕ್ಕಳು ಅದನ್ನೇ ಹಾರಿ ದಾಟಿದರು. ಬೀದಿದೀಪದ ಮಾತು ಬಿಡಿ.

ತೀರ್ಪನ್ನು ಮತ್ತೆ ಪರಿಶೀಲಿಸಬೇಕು. ಇಲ್ಲವಾದರೆ ಇಂಥ ಮೇಳ ನಡೆಸುವುದನ್ನೇ ನಿಲ್ಲಿಸಲಿ. ಬೀಗವನ್ನೂ ತೆಗೆಸಲಿ, ಚಪ್ಪಡಿಯನ್ನೂ ಹಾಕಿಸಲಿ. ತೀರ್ಪುಗಾರರಿಗೆ ಅನುಮಾನ ಇದ್ದರೆ ಒಂದು ಲೋಟ, ಮೂರು ಮೇಣದಬತ್ತಿ ತಗೊಂಡು ಮನೆಯಲ್ಲಿ ಮಾಡಿ ನೋಡಲಿ. ಅಷ್ಟೂ ಆಗದವರು ಮಕ್ಕಳ ಮೇಜಿನ ಮುಂದೆ ಪೆನ್ನು ಹಿಡಿದು ಬರಬಾರದು.

– ಒಬ್ಬ ವಿದ್ಯಾರ್ಥಿನಿಯ ತಾಯಿ, ದಾವಣಗೆರೆ