ಮೂವರು ಹೋದರೆ ಅನ್ನುವ ಭಯಕ್ಕೆ

ಅಂಕೋಲಾ
ಜೂನ್ ಕೊನೆಯ ವಾರ

ಪ್ರೀತಿಯ ತಂಗಿಗೆ ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನು ಬಿಡುತ್ತೇನೆ. ಕಾಲೇಜಿನಲ್ಲಿ ನೀವು ನಾಲ್ವರು ಗೆಳೆಯರು ಸೇರಿ ಮಾಡುತ್ತಿರುವ ಮೀನಿನ ಐಸ್ ಪೆಟ್ಟಿಗೆಯ ಸ್ಟಾರ್ಟಪ್ ಬಗ್ಗೆ ಬರೆದಿದ್ದೀಯಲ್ಲ, ಆ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀಯ, ಅದು ನನಗೆ ಓದಲು ಬಂತು. 'ಏಳನೇ ಸೆಮ್‌ನಲ್ಲಿ ಕೆಲಸ ಕೊಡೋ ಕಂಪನಿಗಳು ಬಂದರೆ ಮೂವರೂ ಹೋಗ್ತಾರೆ, ನಾನೊಬ್ಬಳೇ ಈ ಪೆಟ್ಟಿಗೆ ಇಟ್ಟುಕೊಂಡು ಕೂತಿರ್ತೀನಿ' ಅಂತ. ಅದರ ಕೆಳಗೆ, ಎಲ್ಲ ಚೆನ್ನಾಗಿ ನಡೀತಿದೆ ಅಂತ ಬರೆದಿದ್ದೀಯ. ಹೊಡೆದ ಸಾಲನ್ನೇ ನಾನು ನಂಬಿದೆ.

ಸುಳ್ಳು ಸಮಾಧಾನ ಹೇಳುವುದಿಲ್ಲ. ಮೂವರೂ ಹೋಗಲಿಕ್ಕಿಲ್ಲ, ಆದರೆ ಒಬ್ಬರೋ ಇಬ್ಬರೋ ಹೋಗಿಯೇ ಹೋಗುತ್ತಾರೆ. ಅವರಲ್ಲಿ ಒಬ್ಬನಿಗೆ ಬ್ಯಾಂಕಿನ ಶಿಕ್ಷಣ ಸಾಲ ಇದೆ ಅಂತ ನೀನೇ ಬರೆದಿದ್ದೀಯ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಅದರ ಕಂತು ಶುರುವಾಗುತ್ತದೆ. ಅವನ ಅಪ್ಪನ ಮುಖ ನೋಡಿದರೆ ಅವನು ಇನ್ನೇನು ಮಾಡಬೇಕು? ಕಾಲೇಜುಗಳು ಬೇರೆ, ಒಂದು ಕೈಯಲ್ಲಿ ಉದ್ಯಮಿಗಳಾಗಿ ಅಂತ ಬ್ಯಾನರ್ ಕಟ್ಟುತ್ತವೆ, ಇನ್ನೊಂದು ಕೈಯಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಅಂತ ಲೆಕ್ಕ ಹಾಕಿ ಪತ್ರಿಕೆಗೆ ಕೊಡುತ್ತವೆ. ಎರಡನೆಯದಕ್ಕೇ ಜಾಸ್ತಿ ಬೆಲೆ. ಇಪ್ಪತ್ತೊಂದು ವರ್ಷದ ಮಕ್ಕಳು ಯಾವುದನ್ನು ಕೇಳಿಯಾರು, ಹೇಳು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ನಾನು ಡಿಪ್ಲೊಮಾ ಮುಗಿಸಿದ ಮೇಲೆ ಒಬ್ಬ ಗೆಳೆಯನ ಜೊತೆ ಕಾರವಾರದ ಬೈತಖೋಲದ ಹತ್ತಿರ ಒಂದು ಶೆಡ್ ಹಾಕಿದ್ದೆ. ಹಳೆಯ ಲೇತ್ ಒಂದು, ವೆಲ್ಡಿಂಗ್ ಸೆಟ್ ಒಂದು. ನಮ್ಮ ಕರಾವಳಿಗೆ ದೊಡ್ಡ ಬಲೆ ಸುತ್ತು ಹಾಕಿ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದು ಕೆಲವೇ ವರ್ಷ ಆಗಿತ್ತು. ಎಂಜಿನ್ ಕೆಟ್ಟರೆ, ಶಾಫ್ಟ್ ಸವೆದರೆ ನೋಡುವವರು ಕಡಿಮೆ. ಕೆಲಸಕ್ಕೆ ಬರ ಇರಲಿಲ್ಲ. ಹೀಗಿರುವಾಗ ಗೆಳೆಯನಿಗೆ ಸರ್ಕಾರಿ ನೌಕರಿಯ ಆರ್ಡರ್ ಬಂತು. ಹೋದ. ಜಗಳ ಇಲ್ಲ, ಲೆಕ್ಕದ ತಕರಾರಿಲ್ಲ. ಜಗಳ ಆಗಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಅನ್ನಿಸಿದ್ದಿದೆ, ಆ ಸಿಟ್ಟಿನಲ್ಲಾದರೂ ಶೆಡ್ ನಡೆಸುತ್ತಿದ್ದೆನೇನೋ.

ಸ್ವಲ್ಪ ಕಾಲ ಒಬ್ಬನೇ ನಡೆಸಿದೆ. ಆಮೇಲೆ ಮುಚ್ಚಿದೆ. ಗಿರಾಕಿ ಇಲ್ಲದೆ ಮುಚ್ಚಿತು ಅಂತ ಮನೆಯಲ್ಲಿ ಎಲ್ಲರೂ ತಿಳಿದುಕೊಂಡರು, ನಾನೂ ಸರಿಪಡಿಸಲು ಹೋಗಲಿಲ್ಲ. ಗಿರಾಕಿ ಇದ್ದರು ತಂಗೀ. ಬೋಟು ನಡೆಸುವ ತಾಂಡೇಲರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಒಂದು ಕಷ್ಟದ ಕೆಲಸ ಸರಿಹೋಯಿತು ಅಂತ ಖುಷಿಯಿಂದ ತಿರುಗಿ ನೋಡಿದರೆ ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಅಷ್ಟೇ ಕಾರಣ. ಅಷ್ಟು ಸಣ್ಣ ಕಾರಣ ಅಂತ ಯಾರ ಹತ್ತಿರ ಹೇಳುವುದು? ಆಮೇಲೂ ಒಬ್ಬ ತಾಂಡೇಲ ನನ್ನನ್ನು ಕಾರವಾರದ ಸಂತೆಯಲ್ಲಿ ಕಂಡಾಗೆಲ್ಲ, 'ಶೆಡ್ ಮತ್ತೆ ಯಾವಾಗ ತೆಗೀತ್ರಿ?' ಅಂತ ಕೇಳುತ್ತಿದ್ದ. ಕೆಲವೊಮ್ಮೆ ಅವನನ್ನು ದೂರದಿಂದ ಕಂಡು ಬೇರೆ ದಾರಿ ಹಿಡಿದಿದ್ದೇನೆ. ಈ ವಯಸ್ಸಿನಲ್ಲೂ ಕೊರೆಯುವುದು ಗೆಳೆಯ ಹೋಗಿದ್ದಲ್ಲ, ಈ ತಾಂಡೇಲನ ಪ್ರಶ್ನೆ.

ಅದಕ್ಕೇ ನಿನ್ನ ಪತ್ರವನ್ನು ಮತ್ತೊಮ್ಮೆ ಓದಿದೆ. ಗೆಳೆಯರ ಬಗ್ಗೆ ಎರಡು ಪುಟ ಇದೆ. ನಿಮ್ಮ ಐಸ್ ಪೆಟ್ಟಿಗೆ ತೆಗೆದುಕೊಂಡು ಹೋದ ಮೀನು ಮಾರುವ ಹೆಂಗಸರ ಬಗ್ಗೆ ಒಂದೇ ಸಾಲು. ಅವರು ಪೆಟ್ಟಿಗೆ ವಾಪಸ್ ಕೊಟ್ಟರಾ? ಕೊಡಲು ಮನಸ್ಸಿಲ್ಲ ಅಂದರಾ? ಯಲ್ಲಾಪುರದ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಹತ್ತಿಸಲು ಬಿಟ್ಟನಾ? ಮೀನಿನಷ್ಟೇ ತೂಕದ ಐಸ್ ಹಾಕಬೇಕು ಅಂತ ಪುಸ್ತಕದಲ್ಲಿ ಇರುತ್ತದೆ, ಆದರೆ ತಲೆ ಮೇಲೆ ಹೊರುವವರಿಗೆ ಆ ಐಸ್ ಕೂಡ ಭಾರವೇ. ನಿಮ್ಮ ಪೆಟ್ಟಿಗೆಯಿಂದ ಅದು ಎಷ್ಟು ಕಡಿಮೆಯಾಯಿತು? ಇದನ್ನೆಲ್ಲ ನೀನು ಬರೆಯಲೇ ಇಲ್ಲ. ಯಾರು ಹೋಗುತ್ತಾರೆ ಅಂತ ಎಣಿಸುತ್ತಾ ಕೂತವಳಿಗೆ ಯಾರು ಬರುತ್ತಿದ್ದಾರೆ ಅಂತ ಕಾಣುವುದಿಲ್ಲ. ನನಗೆ ಕಾಣಲಿಲ್ಲ.

ಈಗ ಬೋಟುಗಳೆಲ್ಲ ದಡದಲ್ಲಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ನಿನಗೆ ಗೊತ್ತೇ ಇದೆ. ಈ ಎರಡು ತಿಂಗಳು ಪೆಟ್ಟಿಗೆ ಯಾರೂ ಕೇಳಲಿಲ್ಲ ಅಂತ ಗಾಬರಿಯಾಗಬೇಡ. ಅದೇ ಸಮಯದಲ್ಲಿ ನಿಮಗೆ ಕಂಪನಿಗಳು ಬರುವ ಮಾತು ಶುರುವಾಗುತ್ತದೆ. ಎರಡೂ ಒಟ್ಟಿಗೆ ಬಂದದ್ದರಿಂದಲೇ ನಿನಗೆ ಹೀಗೆ ಅನ್ನಿಸಿರಬಹುದಾ ಅಂತ ನನ್ನ ಅನುಮಾನ.

ಪಕ್ಕದ ಮನೆಯ ಹುಡುಗ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ನಿನ್ನ ಹೆಸರು ಹೇಳದೆ ಅವನ ಹತ್ತಿರ ಒಂದಷ್ಟು ಕೇಳಿದೆ. ಹೇಳಬೇಕೋ ಬೇಡವೋ ಗೊತ್ತಿಲ್ಲ, ನಿಮ್ಮ ಸರ್ ಆಗಲೇ ಹೇಳಿರಬಹುದು. 2019ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳ ಸ್ಟಾರ್ಟಪ್‌ಗೆ ಅಂತಲೇ ಒಂದು ನೀತಿ ಮಾಡಿದೆಯಂತೆ. ಸ್ಟಾರ್ಟಪ್ ಕೆಲಸವನ್ನೇ ಪ್ರಾಜೆಕ್ಟ್ ಆಗಿ ತೋರಿಸಬಹುದು. ಬೇಕಾದರೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ತೆಗೆದುಕೊಂಡು ಮತ್ತೆ ಬಂದು ಓದು ಮುಂದುವರಿಸಬಹುದು. ಕಾಲೇಜು ತನ್ನ ಲ್ಯಾಬು, ಹೆಸರು, ಜಾಗ ಕೊಟ್ಟಿದ್ದಕ್ಕೆ ನಿಮ್ಮ ಸ್ಟಾರ್ಟಪ್‌ನಲ್ಲಿ ಶೇ. 2ರಿಂದ 9.5ರವರೆಗೆ ಪಾಲು ಕೇಳಬಹುದು. ಇದು ಮಾರ್ಗಸೂಚಿ ಮಾತ್ರ, ನಿಮ್ಮ ಕಾಲೇಜು ಇದರಲ್ಲಿ ಎಷ್ಟನ್ನು ಒಪ್ಪಿದೆ ಅಂತ ಆಫೀಸಿನಲ್ಲಿ ಕೇಳು. ಬಾಯಿಮಾತಲ್ಲಿ ಬೇಡ, ಬರೆದುಕೊಡಲು ಹೇಳು.

ಬರೆದುಕೊಳ್ಳುವ ಮಾತು ಬಂತಲ್ಲ. ನೀವು ನಾಲ್ವರೂ ಒಂದು ಕಾಗದ ಮಾಡಿಕೊಳ್ಳಿ, ಎಲ್ಲರಿಗೂ ಇನ್ನೂ ಒಳ್ಳೆ ಮನಸ್ಸು ಇರುವಾಗಲೇ. ಪಾಲನ್ನು ಈಗಲೇ ನಾಲ್ಕು ಭಾಗ ಮಾಡಿ ಹಂಚಿಬಿಡಬೇಡಿ. ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಗೆ ಬರುವ ಹಾಗೆ, ಒಂದು ವರ್ಷ ತುಂಬುವ ಮೊದಲೇ ಹೋದವರಿಗೆ ಏನೂ ಇಲ್ಲದ ಹಾಗೆ ಬರೆದುಕೊಳ್ಳುವುದು ಸ್ಟಾರ್ಟಪ್‌ನವರ ರೂಢಿಯಂತೆ. ಮೊದಲು ಕೇಳಿದಾಗ ನನಗೆ ಕಲ್ಲುಮನಸ್ಸಿನ ಮಾತು ಅನ್ನಿಸಿತು. ಯೋಚಿಸಿದರೆ, ಹೋಗುವವನಿಗೂ ಅದರಿಂದ ಹಗುರ. ತಲೆ ಎತ್ತಿಕೊಂಡು ಹೋಗಬಹುದು.

ಹಾಂ, ಇನ್ನೊಂದು. ಮುಚ್ಚಳದ ಒಳಗೆ ಏನೋ ಹೊಸದು ಮಾಡಿದ್ದೀರಿ ಅಂದೆಯಲ್ಲ, ಅದನ್ನು ಯಾವುದೇ ಪ್ರದರ್ಶನದಲ್ಲಿ ಬಿಚ್ಚಿ ತೋರಿಸುವ ಮೊದಲು ಪೇಟೆಂಟ್‌ನ ತಾತ್ಕಾಲಿಕ ಅರ್ಜಿ ಹಾಕಿ. ಕಂಪನಿ ಹೆಸರಲ್ಲಿ ಅಲ್ಲದೆ ನೀವೇ ಆನ್‌ಲೈನಿನಲ್ಲಿ ಹಾಕಿದರೆ ಶುಲ್ಕ ₹1,600. ಆಮೇಲೆ 12 ತಿಂಗಳೊಳಗೆ ಪೂರ್ತಿ ಅರ್ಜಿ ಕೊಡಬೇಕು. ಅದರಲ್ಲಿ ನಾಲ್ವರ ಹೆಸರೂ ಇರುತ್ತದೆ, ಬಿಟ್ಟು ಹೋದವರದ್ದೂ. ಅದರ ಹಕ್ಕು ಯಾರದ್ದು ಅಂತ ಆ ಕಾಗದದಲ್ಲೇ ಸೇರಿಸಿ. ದೊಡ್ಡಪ್ಪ ವಕೀಲನ ಹಾಗೆ ಮಾತಾಡ್ತಾನೆ ಅಂತ ನಗಬೇಡ.

ಇನ್ಫೋಸಿಸ್ ಕಥೆ ನಿಮ್ಮ ಕಾಲೇಜಿನಲ್ಲಿ ಎಷ್ಟು ಸಲ ಹೇಳಿರುತ್ತಾರೋ. 1981ರಲ್ಲಿ ಏಳು ಜನ ಸೇರಿ ಶುರು ಮಾಡಿದರು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. 1989ರಲ್ಲಿ ಅವರಲ್ಲೊಬ್ಬರು ಬಿಟ್ಟು ಹೋದರು ಅನ್ನುವುದನ್ನು ಯಾರೂ ವೇದಿಕೆ ಮೇಲೆ ಹೇಳುವುದಿಲ್ಲ. ಉಳಿದವರಲ್ಲಿ ಒಬ್ಬರಾದ ನಂದನ್ ನಿಲೇಕಣಿಯವರ ಮನೆತನದ ಮೂಲ ನಮ್ಮ ಶಿರಸಿಯೇ, ಅದನ್ನು ಮಾತ್ರ ಶಿರಸಿಯವರು ಬಿಡದೆ ಹೇಳುತ್ತಾರೆ. ಅಲ್ಲಿ ಒಬ್ಬರು ಹೋದರೂ ಆರು ಜನ ಉಳಿದರು, ನಿನ್ನ ಲೆಕ್ಕ ಬೇರೆ ಅಂತ ನೀನು ಅನ್ನಬಹುದು. ಸರಿ. ನಿನ್ನ ಲೆಕ್ಕದಲ್ಲಿ ಒಬ್ಬಳೇ ಉಳಿಯಬಹುದು.

ಹಾಗೆ ಉಳಿದರೆ ಏನು ಮಾಡುವುದು ಅಂತ ನೀನು ಕೇಳಲಿಲ್ಲ, ಕೇಳಿದ್ದರೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಬ್ಬಳೇ ಕೂತು ಕೆಲಸ ಮಾಡಬೇಡ, ಅಷ್ಟು ಹೇಳಬಲ್ಲೆ. ಪಾಲುದಾರರೇ ಸಿಗಬೇಕು ಅಂತಿಲ್ಲ. ಕೆಳಗಿನ ಸೆಮ್‌ನ ಒಬ್ಬ ಹುಡುಗಿಯನ್ನು ಈಗಲೇ ಜೊತೆಗೆ ಸೇರಿಸಿಕೊಳ್ಳಬಹುದು. ವಾರಕ್ಕೊಮ್ಮೆ ಮೀನು ಮಾರ್ಕೆಟ್ಟಿನಲ್ಲಿ ಹೋಗಿ ಕೂರಬಹುದು. ನನಗೂ ಫೋನ್ ಮಾಡಬಹುದು, ನಿಮ್ಮ ಸೆನ್ಸರ್ ಗಿನ್ಸರ್ ಅರ್ಥವಾಗದಿದ್ದರೂ ಪೆಟ್ಟಿಗೆಯ ಹಿಂಜ್ ಯಾಕೆ ಮುರಿಯಿತು ಅನ್ನುವುದು ಅರ್ಥವಾಗುತ್ತದೆ. ಆಮೇಲೆ ನಿನಗೂ ಒಂದು ಕೆಲಸ ಸಿಕ್ಕಿ, ಹೋಗೋಣ ಅನ್ನಿಸಿದರೆ ಹೋಗು. ಅದಕ್ಕೆ ಈ ಮನೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂವರು ಹೋದರು ಅನ್ನುವ ಒಂದೇ ಕಾರಣಕ್ಕೆ ಹೋಗುವುದು ಬೇಡ ಅಂತ ನನ್ನ ಆಸೆ.

ಆಗಸ್ಟ್ ಮೊದಲ ವಾರ ಬೋಟು ಇಳಿಯುವಾಗ ಒಂದು ಪೆಟ್ಟಿಗೆ ತೆಗೆದುಕೊಂಡು ಬಾ. ಹಿಂಜ್ ಕಿತ್ತುಹೋಗಿರುವುದನ್ನೇ ತಾ, ಹೊಸದು ಬೇಡ. ಮಾರ್ಕೆಟ್ಟಿನಲ್ಲಿ ನನಗೆ ಪರಿಚಯದ ಇಬ್ಬರು ಹೆಂಗಸರಿದ್ದಾರೆ, ಬಾಯಿ ಸ್ವಲ್ಪ ಜೋರು. ಬೆಳಗ್ಗೆ ಬೇಗ ಹೋಗಬೇಕು, ಹಾಗಾಗಿ ಹಿಂದಿನ ರಾತ್ರಿಯೇ ಬಂದುಬಿಡು.

ನಿನ್ನ
ದೊಡ್ಡಪ್ಪ