ಶಿಕಾರಿ ಪ್ಯಾಂಟು, ಬೂಟು ಬದಲಾಗುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ

ಬನಹಟ್ಟಿ, ಬಾಗಲಕೋಟೆ ಜಿಲ್ಲೆ

ಮಾನ್ಯ ಗ್ರಾಹಕರೇ,

ನಮಸ್ಕಾರ.

ಈ ಯುಗಾದಿಯಿಂದ ನಮ್ಮ ಸಂಘದ ಮಳಿಗೆಯಲ್ಲಿ ಹಳೆಯ ‘ಶಿಕಾರಿ’ ಪ್ಯಾಂಟು, ಅಂಗಿ ಮತ್ತು ಬೂಟು ಸಿಗುವುದಿಲ್ಲ. ಅವುಗಳ ಜಾಗಕ್ಕೆ ಬೇರೆ ಬಟ್ಟೆಯ ಉಡುಪು, ಬೇರೆ ಬಗೆಯ ಬೂಟು ಬರುತ್ತಿವೆ. ಬೆಲೆಯೂ ಹೆಚ್ಚಾಗಿದೆ. ಆರು ವರ್ಷಗಳಿಂದ ಹೆಸರು ಹಿಡಿದು ಕೇಳಿ ಕೊಂಡವರು ನೀವು. ಚೆನ್ನಾಗಿ ಮಾರಾಟವಾಗುತ್ತಿದ್ದ ಮಾಲನ್ನು ಏಕೆ ನಿಲ್ಲಿಸಿದಿರಿ ಎಂದು ಈಗಾಗಲೇ ಹಲವರು ಮಳಿಗೆಗೆ ಬಂದು ವಿಚಾರಿಸಿದ್ದಾರೆ. ಎಲ್ಲರಿಗೂ ಒಟ್ಟಾಗಿ ಉತ್ತರ ಹೇಳೋಣ ಎಂದು ಈ ಪತ್ರ.

ಕಳೆದ ಮೇ ತಿಂಗಳಲ್ಲಿ ಅರಣ್ಯ ಕಾವಲುಗಾರರೊಬ್ಬರು ಮಳಿಗೆಗೆ ಬಂದರು. ಬೀಳಗಿ, ಮುಧೋಳ ಕಡೆಯ ಕುರುಚಲು ಕಾಡಿನಲ್ಲಿ, ಚಿಂಕಾರ ಎಂಬ ಜಿಂಕೆಗಳಿರುವ ಯಡಹಳ್ಳಿಯ ಸುತ್ತ, ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುವವರು. ಒಳಗೆ ಬರದೆ ಮೆಟ್ಟಿಲ ಮೇಲೆಯೇ ಕುಳಿತು ಬೂಟಿನ ಲೇಸು ಬಿಚ್ಚಿದರು, ಕಾಲುಚೀಲ ಎಳೆದರು. ಅಂಗಾಲು ರಾತ್ರಿಯೆಲ್ಲ ನೀರಿನಲ್ಲಿ ನೆನೆದಂತೆ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಬೆರಳ ಸಂದಿಯಲ್ಲಿ ಚರ್ಮ ಬಿರಿದು ಕೆಂಪಗೆ ಕಾಣುತ್ತಿತ್ತು. ಹಿಮ್ಮಡಿಯ ಬೊಬ್ಬೆ ಒಡೆದಿತ್ತು. ಆಮೇಲೆ ಬೂಟನ್ನು ತಿರುವಿ ತೋರಿಸಿದರು. ಎರಡು ಬೇಸಿಗೆ ಕಂಡಿದ್ದರೂ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. “ನಿಮ್ಮ ಬೂಟಿಗೆ ಏನೂ ಆಗಿಲ್ಲರೀ, ನನ್ನ ಕಾಲು ನೋಡಿ” ಎಂದರು.

ಆ ಬೂಟನ್ನು ಅವರಿಗೆ ಕೊಟ್ಟವರು ನಾವು. ‘ವರ್ಷಗಟ್ಟಲೆ ಬಾಳುತ್ತದೆ’ ಎಂದು ಹೇಳಿ ಕೊಟ್ಟಿದ್ದೆವು. ಆ ಮಾತು ಸುಳ್ಳಾಗಲಿಲ್ಲ ನಿಜ, ಆದರೆ ತೊಟ್ಟವರ ಮೈಗೆ ಅದು ಏನು ಮಾಡುತ್ತದೆ ಎಂಬುದನ್ನು ನಾವು ಕೇಳಿಕೊಳ್ಳಲೇ ಇಲ್ಲ. ಇದು ನಮ್ಮ ತಪ್ಪು.

ತಪ್ಪಿನ ಮೂಲ ‘ಶಿಕಾರಿ’ ಎಂಬ ಆ ಹೆಸರಿನಲ್ಲೇ ಇದೆ. ಮುಧೋಳ ನಾಯಿ ಸಾಕಿದವರು ನಸುಕಿನಲ್ಲಿ ನಾಯಿಯ ಹಿಂದೆ ಓಡಾಡಲು ಗಟ್ಟಿ ಬಟ್ಟೆ ಬೇಕೆಂದು ಕೇಳಿದಾಗ ಹೊರದೇಶದ ಬೇಟೆ ಉಡುಪಿನ ನಮೂನೆಯನ್ನು ಮುಂದಿಟ್ಟುಕೊಂಡು ಹೊಲಿದೆವು. ಅದು ಚಳಿ ದೇಶದ ಬೇಟೆಗಾರನ ಉಡುಪು. ದಪ್ಪ ಬಟ್ಟೆ, ಒಳಪದರ, ನೀರು ಒಳಗೆ ಬಾರದ ಬೂಟು, ಎಲ್ಲವೂ ಮೈ ಬೆಚ್ಚಗಿರಲೆಂದು ಮಾಡಿದವು. ಆಫ್ರಿಕಾದ ಬಿಸಿಲಿನಲ್ಲಿ ಬೇಟೆಗೆ ಹೋಗುವವನು ತೊಡುವುದೇ ಬೇರೆ. ತೆಳುವಾದ ಹತ್ತಿಯ ಉದ್ದ ತೋಳಿನ ಅಂಗಿ, ಕಂಕುಳಲ್ಲಿ ಗಾಳಿಕಿಂಡಿ, ಒಳಪದರವಿಲ್ಲದ ಹಗುರ ಬೂಟು. ನಾವು ನೋಡಬೇಕಾಗಿದ್ದುದು ಅದನ್ನು. ಇನ್ನು ಬೇಟೆಯನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ನಿಷೇಧಿಸಿದೆ. ನಮ್ಮ ಬಟ್ಟೆ ತೊಡುವವರು ಕಬ್ಬು ಕಡಿಯುವವರು, ರಾತ್ರಿ ನೀರು ಹಾಯಿಸುವವರು, ಕಾಡು ಕಾಯುವವರು. ಪ್ರಾಣಿಯನ್ನು ಕಾಪಾಡಲು ನಡೆಯುವವರ ಅಂಗಿಗೆ ಶಿಕಾರಿ ಎಂಬ ಚೀಟಿ ಅಂಟಿಸುವುದು ನಮಗೇ ಸರಿ ಕಾಣಲಿಲ್ಲ. ಇನ್ನು ಮುಂದೆ ಅದು ‘ಹೊಲ-ಅಡವಿ ಉಡುಪು’.

ಬಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮಗ್ಗದ ಊರಿನವರಿಗೆ ಅದು ಬೇಸರ ತರಲಾರದು. ಹಳೆಯ ಪ್ಯಾಂಟಿನ ಬಟ್ಟೆ ಚದರ ಮೀಟರಿಗೆ 260 ಗ್ರಾಂ ತೂಗುತ್ತಿತ್ತು. ಅದರಲ್ಲಿ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿ. ಸಾಮಾನ್ಯ ಹವೆಯಲ್ಲಿ ನೂರು ಗ್ರಾಂ ಹತ್ತಿ ಸುಮಾರು ಎಂಟೂವರೆ ಗ್ರಾಂ ತೇವವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಎಳೆದುಕೊಳ್ಳುವುದಿಲ್ಲ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ. ದಟ್ಟವಾಗಿ ನೇಯ್ದ ಆ ಮಿಶ್ರ ಬಟ್ಟೆಯೊಳಗೆ ಗಾಳಿ ಆಡುತ್ತಿರಲಿಲ್ಲ, ಬೆವರು ಆರುತ್ತಿರಲಿಲ್ಲ.

ಹತ್ತಿ ನಿಧಾನವಾಗಿ ಒಣಗುತ್ತದೆ, ಅದು ಕೆಟ್ಟದ್ದು ಎಂದು ಚಳಿ ದೇಶದವರು ಹೇಳುತ್ತಾರೆ. ಅಲ್ಲಿ ಅದು ಸರಿ, ಒದ್ದೆ ಹತ್ತಿ ಅಲ್ಲಿ ಮನುಷ್ಯನನ್ನು ಚಳಿಗೆ ಕೆಡವುತ್ತದೆ. ನಮ್ಮ ಏಪ್ರಿಲ್ ಬಿಸಿಲು ನಲವತ್ತು ಡಿಗ್ರಿಯ ಒಣ ಬಿಸಿಲು. ಒದ್ದೆಯಾದ ಹತ್ತಿ ಇಲ್ಲಿ ಮಡಕೆಯ ನೀರಿನಂತೆ ತಂಪು ಕೊಡುತ್ತದೆ. ಮಳೆಗಾಲದಲ್ಲಿ ಮಾತ್ರ ಮೈಗೆ ಅಂಟುತ್ತದೆ, ಅದನ್ನು ಒಪ್ಪಿಕೊಳ್ಳುತ್ತೇವೆ.

ಹಾಗಾಗಿ ಹೊಸ ಬಟ್ಟೆ ಪೂರ್ತಿ ಹತ್ತಿಯದು. ಪ್ಯಾಂಟಿಗೆ 200 ಗ್ರಾಂ ತೂಕದ್ದು, ಅಂಗಿಗೆ 150 ಗ್ರಾಂ ತೂಕದ್ದು. ತೆಳುವಾದರೆ ಹರಿಯುವುದಿಲ್ಲವೇ ಎಂದು ನೀವು ಕೇಳುವಿರಿ. ಹಾಸಿನಲ್ಲೂ ಹೊಕ್ಕಿನಲ್ಲೂ ಆರು ಮಿಲಿಮೀಟರಿಗೊಮ್ಮೆ ಜೋಡಿ ಎಳೆ ಹಾಕಿ ನೇಯ್ದಿದ್ದೇವೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಲೆಕ್ಕದ ಪುಸ್ತಕದ ಹಾಳೆಯಂತೆ ಸಣ್ಣ ಚೌಕಗಳು ಕಾಣುತ್ತವೆ. ಜಾಲಿ ಮುಳ್ಳು ಸಿಕ್ಕಿ ತೂತಾದರೂ ಹರಿವು ಮುಂದಿನ ಜೋಡಿ ಎಳೆಗೆ ಬಂದು ನಿಲ್ಲುತ್ತದೆ. ರಿಪ್‌ಸ್ಟಾಪ್ ಎಂದು ಕರೆಯುವ ಈ ನೇಯ್ಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗಾಗಿ ಬಳಕೆಗೆ ಬಂದದ್ದು. ಆದರೂ ಒಂದು ಮಾತು. ಹರಿಯುವುದು ಬೇರೆ, ಸವೆಯುವುದು ಬೇರೆ. ಸವೆತದಲ್ಲಿ ಇದು ಹಳೆಯ ಮಿಶ್ರ ಬಟ್ಟೆಯಷ್ಟು ಬಾಳುವುದಿಲ್ಲ. ಅದಕ್ಕೇ ಮೊಣಕಾಲಿಗೂ ಕೂರುವ ಜಾಗಕ್ಕೂ ಇನ್ನೊಂದು ಪದರ ಹಾಕಿದ್ದೇವೆ. ಹೊಲಿಯುವ ದಾರ ಮಾತ್ರ ಪಾಲಿಯೆಸ್ಟರಿನದೇ, ಏಕೆಂದರೆ ಹತ್ತಿ ದಾರ ಬೆವರಿಗೆ ಬೇಗ ಕೊಳೆಯುತ್ತದೆ. ಕಬ್ಬಿನ ರವದಿ ಗೀರುವುದರಿಂದ ತೋಳು ಉದ್ದವಾಗಿಯೇ ಇದೆ. ಬೇಡವೆನಿಸಿದರೆ ಮಡಚಿ ಗುಂಡಿ ಹಾಕಬಹುದು.

ಬಣ್ಣ ಒಣಗಿದ ಜೋಳದ ದಂಟಿನದು. ಕಾಡು ಕಾಯುವವರಿಗೆ ಒಂದು ಸೂಚನೆ: ಇದನ್ನು ಒಗೆಯುವಾಗ ನೀಲಿ ಹಾಕಬೇಡಿ, ಬಿಳುಪು ಹೆಚ್ಚಿಸುವ ಸೋಪಿನ ಪುಡಿಯನ್ನೂ ಬಳಸಬೇಡಿ. ಜಿಂಕೆಗಳಿಗೆ ಕೆಂಪು, ಕಿತ್ತಳೆ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಇವೆರಡರಿಂದಲೂ ಬಟ್ಟೆಗೆ ನೀಲಿ ಹೊಳಪು ಬರುತ್ತದೆ.

ಈಗ ಬೂಟು. ಹಳೆಯದರಲ್ಲಿ ನೀರು ತಡೆಯುವ ಪದರ ಹಾಕಿಸಿದ್ದೆವು. ಆವಿ ಅದರಿಂದ ಹೊರಹೋಗುತ್ತದೆ ಎಂದು ಮಾಲು ಕೊಟ್ಟವರು ಹೇಳಿದ್ದರು. ಹೋಗುತ್ತದೆ, ಆದರೆ ಬೇಸಿಗೆಯ ನಡಿಗೆಯಲ್ಲಿ ಕಾಲು ಬೆವರುವ ವೇಗಕ್ಕೆ ಅದು ಸಾಲದು. ಕಾಲುವೆ ದಾಟುವಾಗ ಮೇಲಿನಿಂದ ನೀರು ನುಗ್ಗಿದರಂತೂ ಒಳಗೇ ಉಳಿಯುತ್ತದೆ. ಹೊಸ ಬೂಟಿಗೆ ಆ ಪದರವೂ ಇಲ್ಲ, ಒಳಗಿನ ಸ್ಪಂಜೂ ಇಲ್ಲ. ಮುಂಭಾಗ ಮತ್ತು ಹಿಮ್ಮಡಿ ಬಣ್ಣದ ಲೇಪವಿಲ್ಲದ ಗಟ್ಟಿ ಚರ್ಮ, ಪಕ್ಕಗಳು ಕ್ಯಾನ್ವಾಸ್. ಪಾದದ ಒಳಬದಿಯ ಕಮಾನಿನ ಹತ್ತಿರ ಹಿತ್ತಾಳೆಯ ಎರಡು ತೂತುಬಿಲ್ಲೆಗಳಿವೆ. ಹೊಕ್ಕ ನೀರು ನಾಲ್ಕು ಹೆಜ್ಜೆಯಲ್ಲಿ ಅಲ್ಲಿಂದ ಹೊರಬರುತ್ತದೆ.

ಒಳ ಅಟ್ಟೆಯನ್ನು ಕೊಲ್ಹಾಪುರಿ ಚಪ್ಪಲಿ ಮಾಡುವ ಅಥಣಿಯ ಕುಶಲಕರ್ಮಿಗಳಿಂದ ತರಿಸಿದ್ದೇವೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ ಅದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದ್ದವು. ಬಿಸಿ ನೆಲದ ಮೇಲೆ ಬರಿ ಕಾಲಿಗೆ ಹಿತವಾಗುವ ಚರ್ಮ ಯಾವುದು ಎಂದು ಆ ಮನೆತನಗಳಿಗೆ ತಲೆಮಾರುಗಳಿಂದ ಗೊತ್ತಿದೆ. ಹತ್ತಿರವೇ ಇದ್ದವರನ್ನು ಇಷ್ಟು ವರ್ಷ ಕೇಳದೆ ಇದ್ದುದಕ್ಕೆ ನಮಗೆ ನಾಚಿಕೆಯಾಗಿದೆ.

ಹೊರ ಅಟ್ಟೆ ಗಟ್ಟಿ ರಬ್ಬರಿನದು. ಅಂಟಿನ ಜೊತೆಗೆ ಸುತ್ತ ಹೊಲಿಗೆಯೂ ಇದೆ, ಬಿಸಿಲಿಗೆ ಅಂಟು ಮಾತ್ರ ನಿಲ್ಲುವುದಿಲ್ಲ. ಹಲ್ಲುಗಳ ನಡುವೆ ಅಗಲ ಜಾಗ ಬಿಡಿಸಿದ್ದೇವೆ. ಎರೆಮಣ್ಣು ಅಟ್ಟೆಗೆ ಹೇಗೆ ಮೆತ್ತಿಕೊಳ್ಳುತ್ತದೆ ಎಂದು ಅದರಲ್ಲಿ ನಡೆದವರಿಗೆ ಹೇಳಬೇಕಿಲ್ಲ.

ಹಾವಿನ ಮಾತನ್ನು ಮುಚ್ಚಿಡುವಂತಿಲ್ಲ. ಈ ಬೂಟು ಕಣಕಾಲಿನವರೆಗೆ ಮಾತ್ರ ಬರುತ್ತದೆ, ಪಕ್ಕದ ಕ್ಯಾನ್ವಾಸ್ ಕೊಳಕುಮಂಡಲದ ಹಲ್ಲನ್ನು ತಡೆಯಲಾರದು. ರಾತ್ರಿ ನೀರು ಹಾಯಿಸಲು, ಬದುವಿನ ಹುಲ್ಲಿನಲ್ಲಿ ನಡೆಯಲು ಮೊಣಕಾಲಿನವರೆಗಿನ ಗಮ್‌ಬೂಟನ್ನೇ ಹಾಕಿ, ಕೈಯಲ್ಲಿ ಬ್ಯಾಟರಿ ಇರಲಿ. ಗಮ್‌ಬೂಟು ಮಾರುವುದನ್ನು ನಾವು ನಿಲ್ಲಿಸಿಲ್ಲ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ.

ಪ್ಯಾಂಟು 780 ರೂಪಾಯಿ ಇದ್ದದ್ದು 940 ಆಗಿದೆ, ಬೂಟು 1,650 ಇದ್ದದ್ದು 1,900. ಹೆಚ್ಚಿದ ಹಣ ಹೋಗುವುದು ನೂಲಿಗೆ ಮತ್ತು ಅಥಣಿಯ ಕೆಲಸಕ್ಕೆ. ಕಳೆದ ಒಂದು ವರ್ಷದಲ್ಲಿ ಹಳೆಯ ಬೂಟು ಕೊಂಡವರು ಅದನ್ನು ತಂದುಕೊಟ್ಟರೆ ಹೊಸದರ ಬೆಲೆಯಲ್ಲಿ 600 ರೂಪಾಯಿ ಬಿಡುತ್ತೇವೆ. ರಸೀದಿ ಕಳೆದಿದ್ದರೆ ಚಿಂತೆ ಬೇಡ, ಅಟ್ಟೆಯ ಮೇಲಿನ ನಮ್ಮ ಗುರುತು ಸಾಕು. ಮೆಟ್ಟಿಲ ಮೇಲೆ ಕುಳಿತು ಕಾಲು ತೋರಿಸಿದವರಿಗೆ ಮೊದಲ ಜೊತೆಯನ್ನು ಹಣ ಪಡೆಯದೆ ಕೊಟ್ಟಿದ್ದೇವೆ.

ಅಳತೆಗೆ ಬರುವವರು ಸಂಜೆ ನಾಲ್ಕರ ನಂತರ ಬನ್ನಿ. ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಯಾಗಿ ಕೂತ ಬೂಟು ಸಂಜೆಗೆ ಬಿಗಿಯಾಗುತ್ತದೆ. ನೀವು ನಿತ್ಯ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ನೇಕಾರರ ಮತ್ತು ಹೊಲಿಗೆಗಾರರ ಸಹಕಾರ ಸಂಘ