ಸಹಿ ಹೆಲ್ಮೆಟ್ ಬೆಲೆ ಏರಿದ್ದು ಯಾಕೆ: ಅಟ್ಲಾಂಟಾ ಸುತ್ತಮುತ್ತಲಿನ ನಮ್ಮ ಕನ್ನಡ ಗ್ರಾಹಕರಿಗೆ

ಆತ್ಮೀಯರೇ,

ಈ ಸೀಸನ್‌ನಿಂದ ಹೊರಗಿನವರು ತಂದುಕೊಡುವ ಸಹಿ ಮಾಲನ್ನು ನಾವು ಕೊಳ್ಳುವುದಿಲ್ಲ. ಅಮೆರಿಕನ್ ಫುಟ್‌ಬಾಲ್ ಆಡುವ ಕಾಲೇಜು ಹುಡುಗರ ಜೊತೆ ನಾವೇ ಒಪ್ಪಂದ ಬರೆದು, ನಮ್ಮ ಕಣ್ಣೆದುರೇ ಹಾಕಿಸಿದ ಸಹಿಯನ್ನು ಮಾತ್ರ ಮಾರುತ್ತೇವೆ. ಹಾಗಾಗಿ ಶೋಕೇಸಿನಲ್ಲಿ ಇಡುವ ಪುಟ್ಟ ಮಿನಿ ಹೆಲ್ಮೆಟ್ 85 ಡಾಲರಿನಿಂದ 120ಕ್ಕೆ ಏರಿದೆ.

ಫೋನ್ ಆಗಲೇ ಶುರುವಾಗಿದೆ. ಎಲ್ಲರದೂ ಒಂದೇ ಮಾತು. "2021ರಲ್ಲಿ ಕಾಲೇಜು ಹುಡುಗರಿಗೆ ಸಹಿಗೆ ದುಡ್ಡು ತಗೊಳ್ಳಿ ಅಂತ ಬಿಟ್ಟರಲ್ಲ, ಇನ್ನು ಅಗ್ಗ ಆಗಬೇಕಲ್ವಾ? ಪೆನ್ನಲ್ಲಿ ಒಂದು ಗೀಟು ಎಳೆಯೋದಕ್ಕೆ ಇಷ್ಟಾ?"

ಗೀಟೇ, ಒಪ್ಪಿದೆ. ಇದೇ ಗೀಟಿಗಾಗಿ 2014ರಲ್ಲಿ ನಮ್ಮ ಜಾರ್ಜಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಟಾಡ್ ಗರ್ಲಿಯನ್ನು ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ನಾಲ್ಕು ಪಂದ್ಯ ಹೊರಗೆ ಕೂರಿಸಿತ್ತು. ಎರಡು ವರ್ಷದಲ್ಲಿ ಸಹಿಗೆ ಅಂತ 3,000 ಡಾಲರಿಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಂಡಿದ್ದ, ಅಷ್ಟೇ. ಆಗ ಸಹಿ ಅಗ್ಗ ಇದ್ದದ್ದು ಯಾಕೆ ಗೊತ್ತಾ? ಹಾಕಿದವನಿಗೆ ನ್ಯಾಯವಾಗಿ ಒಂದು ಕಾಸೂ ಸಿಗುವಂತಿರಲಿಲ್ಲ. ಅಭಿಮಾನಿ ಅಂತ ಗೇಟಿನ ಹತ್ತಿರ ನಿಂತು ಹತ್ತು ಬಾಲಿಗೆ ಸಹಿ ಹಾಕಿಸಿಕೊಂಡವರು ಸಂಜೆಗೆಲ್ಲ ಮಾರಿಕೊಳ್ಳುತ್ತಿದ್ದರು.

ಈಗ ಪ್ರತಿ ಹೆಲ್ಮೆಟ್ಟಿಗೆ 40 ಡಾಲರ್ ಹುಡುಗನಿಗೆ ಹೋಗುತ್ತದೆ. ಅದನ್ನು ಕೊಡಲು ನನಗೆ ಬೇಜಾರಿಲ್ಲ. ಆದರೆ ಅವನು ಮಾರಬಹುದಾದ್ದು ಅವನ ಹೆಸರು ಮಾತ್ರ. ಹೆಲ್ಮೆಟ್ ಮೇಲಿನ 'ಜಿ' ಲೋಗೋ ವಿಶ್ವವಿದ್ಯಾಲಯದ್ದು. ಲೈಸೆನ್ಸ್ ಇರುವ ಖಾಲಿ ಹೆಲ್ಮೆಟ್ಟೇ ನಮಗೆ 32 ಡಾಲರ್ ಬೀಳುತ್ತದೆ. ಜೊತೆಗೆ 2025ರ ಹೊಸ ವ್ಯವಸ್ಥೆ. ಒಬ್ಬರಿಂದ ಒಟ್ಟು 600 ಡಾಲರ್ ಆದರೆ ಆಟಗಾರ ಅದನ್ನು ಇಂಥ ಒಪ್ಪಂದ ದಾಖಲಿಸುವ 'ಎನ್‌ಐಎಲ್ ಗೋ' ವೆಬ್‌ಸೈಟಿನಲ್ಲಿ ತೋರಿಸಬೇಕು. ಹದಿನೈದು ಹೆಲ್ಮೆಟ್ಟಿಗೇ ಆ ಗೆರೆ ಮುಟ್ಟಿತು. ಒಪ್ಪಂದ ನೋಡಿಕೊಡುವ ವಕೀಲರು ಕನ್ನಡದವರೇ, ಆದರೂ ಫೀಸಲ್ಲಿ ಒಂದು ಡಾಲರ್ ಬಿಡಲಿಲ್ಲ.

ಹಾಳಾಗುವ ಮಾಲು ಬೇರೆ. ಹೋದ ಸಲ ಹಿಂದಿನ ರೂಮಲ್ಲಿ ಒಬ್ಬ ಹುಡುಗ ಬೆಳ್ಳಿ ಮಾರ್ಕರ್ ಹಿಡಿದು ಚೆನ್ನಾಗಿಯೇ ಸಹಿ ಹಾಕುತ್ತಿದ್ದ. ಮುಂದಿನದಕ್ಕೆ ಕೈ ಚಾಚಿದಾಗ ತೋಳು ಸವರಿ ಒಣಗದ ಸಹಿಗಳು ಬಾಲ ಬಂದಂತೆ ಎಳೆದುಹೋದವು. ಆರು ಹೆಲ್ಮೆಟ್! ಈಗ ನಮ್ಮ ಗ್ಯಾರೇಜಿನಲ್ಲಿವೆ, ನನ್ನ ಹೆಂಡತಿ ಅದರಲ್ಲಿ ಮೊಳೆ, ಸ್ಕ್ರೂ ಹಾಕಿಟ್ಟಿದ್ದಾಳೆ.

ಇನ್ನೊಂದು ಹೇಳಲೇಬೇಕು. ಕಳೆದ ವರ್ಷ ಹೊರಗಿನಿಂದ ಕೊಂಡ ಮೂರು ಹೆಲ್ಮೆಟ್‌ಗಳ ಸಹಿ ಅಸಲಿ ಅಲ್ಲ ಅಂತ ಈಗ ಅನ್ನಿಸುತ್ತಿದೆ. ಆಮೇಲೆ ಅದೇ ಆಟಗಾರ ನಮ್ಮೆದುರು ಸಹಿ ಹಾಕಿದಾಗ ಮೊದಲ ಅಕ್ಷರವೇ ಬೇರೆ ಥರ ಇತ್ತು. ಸಹಿ ಅಸಲಿ ಅಂತ ಹೇಳುವ ಹೊಲೊಗ್ರಾಮ್ ಚೀಟಿ ಅಂಟಿಸಿದ್ದು ನಾನೇ. ತಪ್ಪು ನನ್ನದು, ಕ್ಷಮಿಸಿ. ಕೊಂಡ ಮೂವರಿಗೂ ಫೋನ್ ಮಾಡಿದ್ದೇನೆ, ಪೂರ್ತಿ ದುಡ್ಡು ವಾಪಸ್ ಕೊಡುತ್ತೇನೆ.

ಇಂಡಿಯಾದಿಂದ ಬಂದು ಇಲ್ಲಿ ಟೆನ್ನಿಸ್ ಆಡುವ ಮಕ್ಕಳ ಸಹಿ ಯಾಕಿಲ್ಲ ಅಂತ ಕೇಳುತ್ತೀರಿ. ಅವರು ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಮೇಲೆ ಬಂದವರು. ದುಡ್ಡು ತಗೊಳ್ಳಲು ಎನ್‌ಸಿಎಎ ಒಪ್ಪಿದರೂ ವೀಸಾ ನಿಯಮ ಒಪ್ಪಬೇಕಲ್ಲ. ಎಫ್-1 ಕಥೆಯನ್ನು ನಿಮಗೆ ನಾನು ಹೇಳಿಕೊಡಬೇಕಾ?

ಮುಂಗಡ ಕೊಟ್ಟು ಬುಕ್ ಮಾಡಿದವರಿಗೆಲ್ಲ ಹಳೇ ಬೆಲೆಯೇ. ಅನುಮಾನ ಇದ್ದರೆ ಸಹಿ ಹಾಕಿಸುವ ಶನಿವಾರ ಅಂಗಡಿಗೇ ಬನ್ನಿ, ಪಕ್ಕದಲ್ಲೇ ನಿಂತು ನೋಡಿ. ತೋಳು ಮಾತ್ರ ಸ್ವಲ್ಪ ದೂರ ಇರಲಿ.

ನಿಮ್ಮ ಅಂಗಡಿಯವನು